ಕಾರಿನ ಆಯಿಲ್ ಚೇಂಜ್: ಶೋರೂಮ್, ಪರಿಚಯದ ಗ್ಯಾರೇಜ್, ಇಲ್ಲಾ ಮನೆ ಮುಂದೆ ನೀವೇ?

ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು ಕಾರಿನ ಕೆಲಸಗಳಲ್ಲಿ ಸುಲಭದ್ದು. ಕೆಳಗಿನ ಬೋಲ್ಟ್ ಬಿಚ್ಚಿ ಹಳೆ ಆಯಿಲ್ ಇಳಿಸಬೇಕು. ಫಿಲ್ಟರ್ ತಿರುಗಿಸಿ ತೆಗೆದು ಹೊಸದು ಕೂರಿಸಬೇಕು. ಬೋಲ್ಟ್ ವಾಪಸ್ ಹಾಕಿ ಮೇಲಿಂದ ಹೊಸ ಆಯಿಲ್ ಸುರಿಯಬೇಕು. ತಲೆನೋವು ಇರುವುದು ಯಾರ ಕೈಲಿ ಮಾಡಿಸುವುದು ಅನ್ನುವುದರಲ್ಲಿ. ಶೋರೂಮಿನಲ್ಲಿ ಅದೂ ಇದೂ ಸೇರಿ ಐದಾರು ಸಾವಿರ ಬಿಲ್ ಆಗುತ್ತದೆ. ಬೀದಿ ಕೊನೆಯ ಗ್ಯಾರೇಜಿನವರು ಅದರ ಅರ್ಧಕ್ಕೆ ಮುಗಿಸಿಕೊಡುತ್ತೇವೆ ಅನ್ನುತ್ತಾರೆ. ಯೂಟ್ಯೂಬ್ ನೋಡಿದರೆ "ಇಷ್ಟೇನಾ, ನಾನೇ ಮಾಡ್ತೀನಿ" ಅನ್ನಿಸುತ್ತದೆ.

ಆ ವಿಡಿಯೊಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ಕೂಲಿ ದುಬಾರಿ. ಮನೆಗೇ ಅಂಟಿಕೊಂಡು ಗ್ಯಾರೇಜ್ ಇರುತ್ತದೆ. ಹಳೆ ಆಯಿಲನ್ನು ಡಬ್ಬಿಯಲ್ಲಿ ಒಯ್ದರೆ ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳೇ ಪುಕ್ಕಟೆ ತೆಗೆದುಕೊಳ್ಳುತ್ತವೆ. ನಮ್ಮಲ್ಲಿ ಮೂರೂ ಉಲ್ಟಾ. ಕೂಲಿ ಕಮ್ಮಿ, ಕಾರು ನಿಲ್ಲುವುದು ಬೇಸ್‌ಮೆಂಟಿನಲ್ಲೋ ರಸ್ತೆ ಬದಿಯಲ್ಲೋ, ಹಳೆ ಆಯಿಲ್ ತೆಗೆದುಕೊಳ್ಳಿ ಅಂದರೆ ಅಂಗಡಿಯವರು ನಮ್ಮ ಮುಖವನ್ನೇ ನೋಡುತ್ತಾರೆ. ಅದಕ್ಕೇ ಈ ಲೆಕ್ಕವನ್ನು ನಮ್ಮ ಊರಿಗೆ ತಕ್ಕಂತೆ ಹೊಸದಾಗಿ ಹಾಕಬೇಕು. ಹಾಕಿ ನೋಡಿದರೆ, ಮನೆಯಲ್ಲೇ ಮಾಡುವುದರಿಂದ ದುಡ್ಡು ಉಳಿಯುವುದು ಅಷ್ಟಕ್ಕಷ್ಟೇ. ಎಂಜಿನ್ ಒಳಗೆ ಏನು ಹೋಯಿತು ಅನ್ನುವ ಖಾತ್ರಿ ಮಾತ್ರ ಪೂರ್ತಿ ಸಿಗುತ್ತದೆ.

ಮೊದಲು ಇಷ್ಟು ನೋಡಿಕೊಳ್ಳಿ

ಕಾರಿಗೆ ವಾರಂಟಿ ಇದೆಯಾ? ಇದ್ದರೆ ಮಿಕ್ಕ ಪ್ರಶ್ನೆಗಳೆಲ್ಲ ಆಮೇಲೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ವಿರುದ್ಧ ಒಂದು ಆದೇಶ ಕೊಟ್ಟಿತು. ಹೊರಗೆ ರಿಪೇರಿ ಮಾಡಿಸಿದರೆ ಸಾಕು, ವಾರಂಟಿ ರದ್ದು ಎಂದು ಸಾರಾಸಗಟಾಗಿ ಷರತ್ತು ಹಾಕುವಂತಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಅದರಲ್ಲಿ ಹೇಳಿತು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿ, ಕೋರ್ಟು ಅಂತ ಹೋದವು. ಆ ಆದೇಶದಲ್ಲಿ ಮಾತು ನಮ್ಮ ಪರವಾಗಿಯೇ ಇದೆ. ಆದರೆ ಎಂಜಿನ್ ಕೈಕೊಟ್ಟ ದಿನ ಕೌಂಟರಿನಲ್ಲಿ ನಿಂತು ಈ ಆದೇಶ ಓದಿ ಹೇಳುವ ತಾಳ್ಮೆ ಯಾರಿಗಿರುತ್ತದೆ? ಸರ್ವಿಸ್ ಬುಕ್ಕಿನಲ್ಲಿ ಸೀಲ್ ಬಿದ್ದಿದ್ದರೆ ಆ ವಾದವೇ ಬರುವುದಿಲ್ಲ.

ಎರಡನೆಯದು ಜಾಗ. ಕಾರು ಎತ್ತಬೇಕಾದರೆ ಮಟ್ಟವಾದ ಸಿಮೆಂಟ್ ನೆಲ ಬೇಕು. ಮಣ್ಣಿನ ಮೇಲೆ ಜಾಕ್ ಹೂತುಕೊಳ್ಳುತ್ತದೆ, ಇಳಿಜಾರಿನಲ್ಲಿ ಕಾರು ಜಾರುತ್ತದೆ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ನವರನ್ನು ಮೊದಲೇ ಕೇಳಿ. ಬೇಸ್‌ಮೆಂಟಿನಲ್ಲಿ ಒಂದು ಲೋಟ ಕಪ್ಪು ಆಯಿಲ್ ಚೆಲ್ಲಿದರೂ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ವಾರಗಟ್ಟಲೆ ನಿಮ್ಮದೇ ಮಾತು.

ಮೂರನೆಯದು, ಹಳೆ ಆಯಿಲ್ ಎಲ್ಲಿಗೆ ಹೋಗುತ್ತದೆ? ನಾಲ್ಕನೆಯದು, ನಿಮಗೆ ಬೇಕಿರುವುದು ಬರೀ ಆಯಿಲ್ ಚೇಂಜಾ, ಇಲ್ಲಾ ಬ್ರೇಕ್ ಪ್ಯಾಡ್, ಕೂಲಂಟ್, ಸಸ್ಪೆನ್ಷನ್ ಬುಷ್ ಎಲ್ಲವನ್ನೂ ಯಾರಾದರೂ ಒಮ್ಮೆ ನೋಡಬೇಕಾ? ಮನೆಯಲ್ಲಿ ಆಯಿಲ್ ಬದಲಿಸುವವರು ಈ ಎರಡನೇ ಕೆಲಸ ಮರೆತುಬಿಡುತ್ತಾರೆ. ಹಾಗೆ ವರ್ಷಗಟ್ಟಲೆ ಯಾರೂ ಬ್ರೇಕ್ ಬಿಚ್ಚಿ ನೋಡದ ಕಾರುಗಳಿವೆ.

ದುಡ್ಡಿನ ಲೆಕ್ಕ

ಸಣ್ಣ ಪೆಟ್ರೋಲ್ ಕಾರೊಂದನ್ನು ತೆಗೆದುಕೊಳ್ಳೋಣ. 3ರಿಂದ 3.5 ಲೀಟರ್ ಆಯಿಲ್ ಹಿಡಿಯುತ್ತದೆ. ಒಳ್ಳೆ ಸಿಂಥೆಟಿಕ್ ಆಯಿಲಿನ ಕ್ಯಾನ್ ಬ್ರ್ಯಾಂಡ್ ಮೇಲೆ ಸುಮಾರು 1,500ರಿಂದ 2,200 ರೂಪಾಯಿ. ಫಿಲ್ಟರ್ 100ರಿಂದ 300. ಡ್ರೈನ್ ಬೋಲ್ಟಿನ (ಹಳೆ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟಿನ) ವಾಷರ್ ಚಿಲ್ಲರೆ ಕಾಸು. ಒಟ್ಟು ಎರಡು ಸಾವಿರದ ಆಸುಪಾಸು. ಈ ಸಾಮಾನಿನ ಖರ್ಚು ಯಾರು ಮಾಡಿದರೂ ತಪ್ಪಿದ್ದಲ್ಲ.

ವ್ಯತ್ಯಾಸ ಕೂಲಿಯಲ್ಲಿದೆ. ಆಯಿಲ್ ನೀವೇ ತಂದುಕೊಟ್ಟರೆ ಪರಿಚಯದ ಗ್ಯಾರೇಜಿನಲ್ಲಿ 300ರಿಂದ 500 ರೂಪಾಯಿ ಕೂಲಿ. ಶೋರೂಮಿನಲ್ಲಿ ಒಂದೆರಡು ಸಾವಿರ ಲೇಬರ್, ಅದರ ಮೇಲೆ 18% ಜಿಎಸ್‌ಟಿ. ಮನೆಯಲ್ಲಿ ಮಾಡಿದರೆ ಕೂಲಿ ಸೊನ್ನೆ. ಆದರೆ ಟ್ರಾಲಿ ಜಾಕ್, ಎತ್ತಿದ ಕಾರನ್ನು ಹೊರುವ ಒಂದು ಜೊತೆ ಸ್ಟ್ಯಾಂಡ್, ಫಿಲ್ಟರ್ ಬಿಚ್ಚುವ ರೆಂಚ್, ಸ್ಪ್ಯಾನರ್, ಟ್ರೇ ಎಲ್ಲ ಸೇರಿ ಐದರಿಂದ ಎಂಟು ಸಾವಿರ ಮೊದಲೇ ಕೈಬಿಡುತ್ತದೆ.

ಈಗ ಹೋಲಿಸಿ. ಬಹುಪಾಲು ಕಾರುಗಳಿಗೆ 10,000 ಕಿಲೋಮೀಟರ್ ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕು. ಅಂದರೆ ಸಾಮಾನ್ಯ ಮನೆ ಕಾರಿಗೆ ವರ್ಷಕ್ಕೆ ಒಂದು ಸಲ. ಶೋರೂಮಿಗೆ ಹೋಗುತ್ತಿದ್ದವರಿಗೆ ಟೂಲ್ಸ್ ದುಡ್ಡು ಮೂರ್ನಾಲ್ಕು ವರ್ಷದಲ್ಲಿ ವಾಪಸ್ ಬರುತ್ತದೆ. ಗ್ಯಾರೇಜಿಗೆ ಹೋಗುತ್ತಿದ್ದವರಿಗೆ ಹತ್ತು ವರ್ಷವಾದರೂ ಬರಲಿಕ್ಕಿಲ್ಲ. ವರ್ಷಕ್ಕೆ 30,000 ಕಿಲೋಮೀಟರ್ ಓಡಿಸುವವರು, ಮನೆಯಲ್ಲಿ ಎರಡು ಮೂರು ಕಾರು ಇರುವವರು ಈ ಲೆಕ್ಕವನ್ನು ಬೇರೆ ಥರ ಹಾಕಬೇಕು.

ಶೋರೂಮಿನ ಸರ್ವಿಸ್ ಸೆಂಟರ್

ಹೊಸ ಕಾರಿಗೆ ಇದೇ ಸರಿ. ಮೊದಲ ಕೆಲವು ಸರ್ವಿಸ್‌ಗಳಿಗೆ ಕಂಪನಿಗಳು ಲೇಬರ್ ತೆಗೆದುಕೊಳ್ಳುವುದಿಲ್ಲ. ಮಾರುತಿಯವರದ್ದಾದರೆ ಮೂರು ಫ್ರೀ ಸರ್ವಿಸ್. ಫ್ರೀ ಅಂದರೆ ಕೂಲಿ ಮಾತ್ರ. ಆಯಿಲ್, ಫಿಲ್ಟರ್ ಹಾಕಿದರೆ ಅದರ ದುಡ್ಡು ನಮ್ಮದೇ. ಆದರೂ ಇಂಥ ಹೊತ್ತಿನಲ್ಲಿ ಬೇರೆ ಕಡೆ ಹೋಗುವುದರಲ್ಲಿ ಅರ್ಥವಿಲ್ಲ.

ಇಲ್ಲಿನ ಅನುಕೂಲಗಳು ಖರೆ. ನಿಮ್ಮ ಎಂಜಿನ್‌ಗೆ ಹೇಳಿದ ಗ್ರೇಡ್ ಆಯಿಲೇ ಇರುತ್ತದೆ. ಬ್ಯಾರೆಲ್‌ನಿಂದ ಅಳೆದು ಹಾಕುವ ಕಡೆ 3.1 ಲೀಟರ್ ಹಿಡಿದರೆ ಅಷ್ಟಕ್ಕೇ ಬಿಲ್. ಲಿಫ್ಟ್ ಮೇಲೆ ಏರಿಸುವುದರಿಂದ ಅಡಿಭಾಗ ಪೂರ್ತಿ ಕಾಣುತ್ತದೆ. ಹಳೆ ಆಯಿಲಿನ ಚಿಂತೆ ಅವರದ್ದು. ಕಾರು ಮಾರುವಾಗ ಸರ್ವಿಸ್ ಹಿಸ್ಟರಿಗೆ ಬೆಲೆ ಸಿಗುತ್ತದೆ.

ತೊಂದರೆ ಎರಡು. ಒಂದು, ನಮ್ಮ ಕಣ್ಣೆದುರು ಕೆಲಸ ನಡೆಯುವುದು ಅಪರೂಪ. ಗಾಜಿನ ಆಚೆ ಕಾಫಿ ಕುಡಿಯುತ್ತಾ ಕೂತರೆ ಫಿಲ್ಟರ್ ಬದಲಿಸಿದರೋ ಒರೆಸಿ ಬಿಟ್ಟರೋ ತಿಳಿಯದು. ಹಳೆ ಫಿಲ್ಟರ್ ತೋರಿಸಿ ಎಂದು ಮೊದಲೇ ಜಾಬ್ ಕಾರ್ಡಿನಲ್ಲಿ ಬರೆಸಿ. ಎರಡು, ಬಿಲ್ಲಿಗೆ ಬಾಲ ಬೆಳೆಯುತ್ತದೆ. ಎಂಜಿನ್ ಫ್ಲಶ್, ಎಂಜಿನ್ ಕೋಟಿಂಗ್, ಎಸಿ ಡಿಸ್‌ಇನ್ಫೆಕ್ಟಂಟ್ ಹೀಗೆ ಒಂದೊಂದೇ ಸೇರಿಕೊಂಡು ಮೂರೂವರೆ ಸಾವಿರದ ಸರ್ವಿಸ್ ಏಳು ಸಾವಿರ ಆಗುತ್ತದೆ. "ಮ್ಯಾನ್ಯುಯಲ್‌ನಲ್ಲಿ ಇದೆಯಾ ಸಾರ್, ತೋರಿಸಿ" ಎಂದು ಕೇಳಿ. ಹೆಚ್ಚಿನವು ಇರುವುದಿಲ್ಲ, ಮಾತು ಅಲ್ಲಿಗೇ ನಿಲ್ಲುತ್ತದೆ.

ಪರಿಚಯದ ಗ್ಯಾರೇಜ್, ಆಯಿಲ್ ನಿಮ್ಮದು

ವಾರಂಟಿ ಮುಗಿದ ಕಾರಿಗೆ, ಹತ್ತರಲ್ಲಿ ಏಳೆಂಟು ಜನರಿಗೆ ನಾನು ಹೇಳುವುದು ಇದನ್ನೇ. ಆಯಿಲ್, ಫಿಲ್ಟರ್, ವಾಷರ್ ಮೂರನ್ನೂ ನೀವೇ ಕೊಂಡು ಹೋಗಿ. "ಸಾಮಾನು ನಾನೇ ತಂದಿದ್ದೀನಿ ಅಣ್ಣ, ಕೂಲಿ ಎಷ್ಟು?" ಅಂತ ಮೊದಲೇ ಕೇಳಿ. ಗ್ಯಾರೇಜಿನವರಿಗೆ ಆಯಿಲ್ ಮಾರಿದ್ದರಲ್ಲೇ ನಾಲ್ಕು ಕಾಸು ಸಿಗುವುದು. ಅದನ್ನು ನಾವು ತಪ್ಪಿಸಿದ ಮೇಲೆ ಕೂಲಿಯಲ್ಲಿ ಚೌಕಾಸಿ ಮಾಡುವುದು ಚೆನ್ನಾಗಿರುವುದಿಲ್ಲ. ನೂರು ರೂಪಾಯಿ ಜಾಸ್ತಿ ಕೊಟ್ಟರೆ ಮುಂದಿನ ಸಲ ಕಾರು ಸಾಲಿನಲ್ಲಿ ಮುಂದೆ ಬರುತ್ತದೆ.

ಸಾಮಾನು ಎಲ್ಲಿ ಕೊಳ್ಳುವುದು? ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಊರು ಯಾವುದಾದರೂ ಆಗಲಿ, ನಕಲಿ ಆಯಿಲ್ ಭಯ ಇದ್ದರೆ ಪೆಟ್ರೋಲ್ ಬಂಕ್‌ಗೆ ಹೋಗಿ. ಇಂಡಿಯನ್ ಆಯಿಲ್ ಬಂಕಿನಲ್ಲಿ ಸರ್ವೋ, ಭಾರತ್ ಪೆಟ್ರೋಲಿಯಂನಲ್ಲಿ ಮ್ಯಾಕ್, ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿ ಎಚ್‌ಪಿ ಆಯಿಲ್, ಅವರದ್ದೇ ಮಾಲು. ಫಿಲ್ಟರನ್ನು ಕಾರು ಕಂಪನಿಯ ಬಿಡಿಭಾಗದ ಅಂಗಡಿಯಲ್ಲೇ ಕೊಳ್ಳಿ. ಇಲ್ಲಿ ಐವತ್ತು ರೂಪಾಯಿ ಉಳಿಸಲು ಹೋಗಬೇಡಿ.

ಆಮೇಲೆ ಪಕ್ಕದಲ್ಲೇ ನಿಂತುಕೊಳ್ಳಿ. ಸಂಕೋಚ ಬೇಡ, ಒಳ್ಳೆ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ. ಕ್ಯಾನ್ ಸೀಲ್ ನಿಮ್ಮೆದುರೇ ಒಡೆಯಬೇಕು. ಹಳೆ ಆಯಿಲ್ ದಾರವಾಗಿ, ಆಮೇಲೆ ಹನಿಹನಿಯಾಗಿ ಇಳಿಯುವವರೆಗೆ ಕಾಯಬೇಕು, ಅದಕ್ಕೆ ಹತ್ತು ಹದಿನೈದು ನಿಮಿಷವಾದರೂ ಬೇಕು. ಎರಡೇ ನಿಮಿಷಕ್ಕೆ ಬೋಲ್ಟ್ ಹಾಕಲು ಹೊರಟರೆ "ಇರಲಿ ಅಣ್ಣ, ಪೂರ್ತಿ ಇಳಿಯಲಿ" ಅನ್ನಿ. ಬೋಲ್ಟ್ ಬಿಗಿ ಮಾಡುವಾಗ ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಎಳೆಯುತ್ತಿದ್ದರೆ ತಡೆಯಿರಿ. ಎಷ್ಟೋ ಕಾರುಗಳ ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಅಲ್ಯೂಮಿನಿಯಂನದು, ಅದರ ಥ್ರೆಡ್ ಹೋದರೆ ಸಾವಿರಗಳ ಖರ್ಚು. ಇನ್ನೊಂದು, ಕ್ಯಾನಿನಲ್ಲಿ 3.5 ಲೀಟರ್ ಇದೆ ಅಂತ ಅಷ್ಟನ್ನೂ ಸುರಿಯುವ ಅಭ್ಯಾಸ ಕೆಲವರಿಗಿದೆ. ಎಂಜಿನ್ ಹಿಡಿಯುವುದು 3.1 ಆದರೆ ಮಿಕ್ಕಿದ್ದು ಡಬ್ಬಿಯಲ್ಲೇ ಇರಬೇಕು. ಲೆವೆಲ್ ಹೆಚ್ಚಾದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಾದ ಆಯಿಲ್ ಬೇರಿಂಗುಗಳಿಗೆ ಸರಿಯಾಗಿ ಸಿಗುವುದಿಲ್ಲ.

ಈ ದಾರಿಯ ದೌರ್ಬಲ್ಯ ಎಂದರೆ ಎಲ್ಲವೂ ಆ ಒಬ್ಬ ಮೆಕ್ಯಾನಿಕ್ ಮೇಲೆ ನಿಂತಿದೆ. ಊರು ಬಿಟ್ಟು ಊರಿಗೆ ಹೋದವರಿಗೆ ನಂಬಿಕಸ್ಥರು ಸಿಗಲು ಟೈಮ್ ಹಿಡಿಯುತ್ತದೆ. ಹಳೆ ಆಯಿಲನ್ನು ಅವರು ಏನು ಮಾಡುತ್ತಾರೆ ಅನ್ನುವುದನ್ನೂ ಒಮ್ಮೆ ಕೇಳಿ. ಡ್ರಮ್ಮಿನಲ್ಲಿ ತುಂಬಿ ಕೊಳ್ಳುವವರಿಗೆ ಕೊಡುವವರಾದರೆ ಸರಿ, ಮೋರಿಗೆ ಬಿಡುವವರಾದರೆ ಬೇರೆ ಗ್ಯಾರೇಜ್ ನೋಡಿ.

ಮನೆ ಬಾಗಿಲಿಗೆ ಬರುವವರೂ ಈಗ ಇದ್ದಾರೆ. ಬೇಸ್‌ಮೆಂಟಿನಲ್ಲೇ ಕೆಲಸ ಮುಗಿಸಿ, ಹಳೆ ಆಯಿಲ್ ತಾವೇ ಒಯ್ಯುತ್ತಾರೆ. ಓಡಾಡಲು ಆಗದ ಹಿರಿಯರಿಗೆ, ಕೆಲಸದ ದಿನ ರಜೆ ಸಿಗದವರಿಗೆ ಒಳ್ಳೆಯದು. ಗ್ಯಾರೇಜಿಗಿಂತ ಸ್ವಲ್ಪ ದುಬಾರಿ. ಬರುವ ಹುಡುಗ ಪ್ರತಿ ಸಲ ಬೇರೆ, ಕೈಗುಣವೂ ಬೇರೆ. ಇಲ್ಲಿಯೂ ಆಯಿಲ್ ನಿಮ್ಮದೇ ಕೊಡಿ.

ಮನೆಯಲ್ಲಿ ನೀವೇ

ಸ್ವಂತ ಮನೆ, ಗಟ್ಟಿ ನೆಲದ ಪೋರ್ಟಿಕೊ, ವಾರಂಟಿ ಮುಗಿದ ಕಾರು, ಭಾನುವಾರದ ಬೆಳಗ್ಗೆ ಎರಡು ಗಂಟೆ ಬಿಡುವು. ಈ ನಾಲ್ಕೂ ಇದ್ದರೆ ಖಂಡಿತ ಮಾಡಿ ನೋಡಿ. ದುಡ್ಡು ಉಳಿಯುತ್ತದೆ ಅಂತ ಮಾತ್ರ ಮಾಡಬೇಡಿ. ಕಾರಿನ ಅಡಿ ಮಲಗಿದಾಗ ಆಕ್ಸಲ್‌ನ ಹರಿದ ರಬ್ಬರ್ ಬೂಟ್, ಎಲ್ಲೋ ಜಿನುಗುವ ಆಯಿಲ್, ತುಕ್ಕು ಹಿಡಿದ ಸೈಲೆನ್ಸರ್ ಎಲ್ಲ ಕಣ್ಣಿಗೆ ಬೀಳುತ್ತವೆ. ನನ್ನ ಪ್ರಕಾರ ಅಸಲಿ ಲಾಭ ಅದು.

ಒಂದು ಮಾತಿಗೆ ಮಾತ್ರ ರಾಜಿ ಇಲ್ಲ. ಡಿಕ್ಕಿಯಲ್ಲಿ ಕೊಟ್ಟಿರುವ ಜಾಕ್ ಟೈರ್ ಬದಲಿಸಲಿಕ್ಕೆ ಅಷ್ಟೇ. ಅದರ ಮೇಲೆ ಕಾರು ನಿಲ್ಲಿಸಿ ಕೆಳಗೆ ತೂರಬಾರದು. ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಮರದ ತುಂಡು ಕೊಟ್ಟು, ಟ್ರಾಲಿ ಜಾಕಿನಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಕಾರನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿ ಆಮೇಲೆ ಕೆಳಗೆ ಹೋಗಿ. ಇಟ್ಟಿಗೆ, ಹಾಲೋ ಬ್ಲಾಕ್ ಯಾವುದೂ ಬೇಡ. ಎತ್ತರದ ಎಸ್‌ಯುವಿಗಳಲ್ಲಿ ಕೆಲವಕ್ಕೆ ಎತ್ತುವ ಗೊಡವೆಯೇ ಇಲ್ಲ, ಮಲಗಿ ಕೈ ಚಾಚಿದರೆ ಬೋಲ್ಟ್ ಸಿಗುತ್ತದೆ.

ಎಂಜಿನ್ ಐದು ನಿಮಿಷ ಓಡಿಸಿ ಆರಿಸಿ. ಬೆಚ್ಚಗಿದ್ದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ, ಹೈವೇಯಲ್ಲಿ ಓಡಿಸಿ ಬಂದ ಕೂಡಲೇ ಬಿಚ್ಚಿದರೆ ಕೈ ಬೇಯುತ್ತದೆ. ಬೋಲ್ಟ್ ಬಿಚ್ಚುವ ಮೊದಲು ಅದು ಎಂಜಿನ್ ಚೇಂಬರಿನದೇ ಅಂತ ಖಾತ್ರಿ ಮಾಡಿಕೊಳ್ಳಿ, ಗೇರ್‌ಬಾಕ್ಸಿಗೂ ಅಂಥದ್ದೇ ಒಂದು ಇರುತ್ತದೆ. ಸ್ಪ್ಯಾನರಿನಿಂದ ಸಡಿಲಿಸಿ, ಆಮೇಲೆ ಬೆರಳಲ್ಲೇ ತಿರುಗಿಸಿ. ತಿರುಗಿಸುವಾಗ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡೇ ಇರಿ. ಕೊನೆಯ ಥ್ರೆಡ್ ಬಿಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಚಟ್ಟನೆ ಪಕ್ಕಕ್ಕೆ ಎಳೆದುಕೊಳ್ಳಿ. ಇಲ್ಲವಾದರೆ ಬಿಸಿ ಆಯಿಲ್ ಅಂಗೈಗೆ, ಅಲ್ಲಿಂದ ಮೊಣಕೈವರೆಗೆ ಹರಿಯುತ್ತದೆ. ಬೋಲ್ಟ್ ಅಡ್ಡಡ್ಡ ಇರುವ ಕಾರುಗಳಲ್ಲಿ ಮೊದಲ ಧಾರೆ ಒಂದು ಗೇಣಿಗೂ ಆಚೆ ಹಾರಿ ಬೀಳುತ್ತದೆ, ಒತ್ತಡ ಇಳಿದಂತೆ ಹಿಂದಕ್ಕೆ ಸರಿಯುತ್ತದೆ. ಟ್ರೇಯನ್ನು ಅದರ ಜೊತೆ ಸರಿಸುತ್ತಿರಬೇಕು. ಅಗಲದ ಟ್ರೇ ತೆಗೆದುಕೊಳ್ಳಿ ಅನ್ನುವುದು ಇದಕ್ಕೇ.

ಫಿಲ್ಟರ್ ವಿಷಯದಲ್ಲಿ ನೋಡಬೇಕಾದ್ದು ರಬ್ಬರ್ ರಿಂಗ್. ಹಳೆ ಫಿಲ್ಟರ್ ಬಿಚ್ಚಿದಾಗ ಅದರ ರಿಂಗ್ ಅದರಲ್ಲೇ ಇದೆಯಾ, ಎಂಜಿನ್ ಕಡೆ ಅಂಟಿಕೊಂಡು ಉಳಿಯಿತಾ? ಉಳಿದದ್ದನ್ನು ನೋಡದೆ ಹೊಸದನ್ನು ಹಾಕಿದರೆ ರಿಂಗಿನ ಮೇಲೆ ರಿಂಗ್ ಕೂರುತ್ತದೆ. ಎಂಜಿನ್ ಶುರುವಾಗಿ ಪ್ರೆಷರ್ ಏರಿದಾಗ ಆಯಿಲ್ ಅಲ್ಲಿಂದಲೇ ನುಗ್ಗಿ ಬರುತ್ತದೆ. ಹೊಸ ರಿಂಗಿಗೆ ಹೊಸ ಆಯಿಲ್ ಬೆರಳಲ್ಲಿ ಸವರಿ, ಕೈಯಿಂದ ತಿರುಗಿಸಿ. ರಿಂಗ್ ತಗುಲಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು, ಎಷ್ಟೆಂದು ಫಿಲ್ಟರಿನ ಮೈಮೇಲೆ ಅಥವಾ ಡಬ್ಬದ ಮೇಲೆ ಬರೆದಿರುತ್ತದೆ. ರೆಂಚ್ ಇರುವುದು ಬಿಚ್ಚಲಿಕ್ಕೆ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಬಿಗಿ ಎಷ್ಟು ಎಂದು ಮ್ಯಾನ್ಯುಯಲ್ ನೋಡಿ. ಮೊದಲ ಸಲ ಮಾಡುವವರು ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ರೆಂಚ್) ಯಾರದ್ದಾದರೂ ಎರವಲು ತರುವುದು ಒಳ್ಳೆಯದು. ಆಯಿಲನ್ನು ಪುಸ್ತಕದ ಲೆಕ್ಕಕ್ಕಿಂತ ಅರ್ಧ ಲೀಟರ್ ಕಮ್ಮಿ ಸುರಿದು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡುತ್ತಾ ಮೇಲಕ್ಕೆ ತನ್ನಿ. ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಕೆಲವೇ ಕ್ಷಣದಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಎಂಜಿನ್ ಆಫ್.

ಮೇಲಿಂದ ಹೀರುವ ಪಂಪ್

ಕಾರು ಎತ್ತದೆ, ಡಿಪ್‌ಸ್ಟಿಕ್ ಕೊಳವೆಯಲ್ಲಿ ಸಣ್ಣ ಪೈಪ್ ಇಳಿಸಿ ಹಳೆ ಆಯಿಲ್ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್ ಆನ್‌ಲೈನಿನಲ್ಲಿ ಸಿಗುತ್ತದೆ. ಜಾಕ್, ಸ್ಟ್ಯಾಂಡ್, ಮಲಗುವುದು ಯಾವುದೂ ಇಲ್ಲ. ಬೆನ್ನು ನೋವಿನವರಿಗೆ ಆಸೆ ಹುಟ್ಟಿಸುವ ವಸ್ತು. ಕೊಳ್ಳುವ ಮುಂಚೆ ಬಾನೆಟ್ ಎತ್ತಿ ಫಿಲ್ಟರ್ ಎಲ್ಲಿದೆ ನೋಡಿ. ಮೇಲಿಂದಲೇ ಕೈಗೆ ಸಿಕ್ಕರೆ ಪಂಪ್ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಕೆಳಗಿಂದಲೇ ಬಿಚ್ಚಬೇಕು ಅನ್ನುವ ಹಾಗಿದ್ದರೆ ಹೇಗೂ ಕಾರು ಎತ್ತಲೇಬೇಕು, ಪಂಪ್ ದಂಡ. ಪೈಪ್ ಚೇಂಬರಿನ ತಳ ಮುಟ್ಟದ ಕಾರುಗಳಲ್ಲಿ ಸ್ವಲ್ಪ ಹಳೆ ಆಯಿಲ್ ಉಳಿಯುತ್ತದೆ ಅನ್ನುವುದೂ ಗೊತ್ತಿರಲಿ.

ಯಾವ ಆಯಿಲ್?

ಮ್ಯಾನ್ಯುಯಲ್ ಹೇಳಿದ್ದು. ಇದರಲ್ಲಿ ಚರ್ಚೆಗೆ ಜಾಗ ಕಮ್ಮಿ. 0ಡಬ್ಲ್ಯೂ-20 ಅಂದಿದ್ದರೆ ಅದೇ, 5ಡಬ್ಲ್ಯೂ-30 ಅಂದಿದ್ದರೆ ಅದೇ; ಇವು ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಅನ್ನುವ ಗುರುತು. "ನಮ್ಮ ಬಿಸಿಲಿಗೆ ದಪ್ಪ ಆಯಿಲ್ ಒಳ್ಳೇದು" ಅನ್ನುವವರ ಮಾತು ಕೇಳಬೇಡಿ, ಇಲ್ಲಿ ಮಾರುವ ಕಾರಿನ ಮ್ಯಾನ್ಯುಯಲ್ ಇಲ್ಲಿನ ಬಿಸಿಲು ನೋಡಿಯೇ ಬರೆದದ್ದು. ಪೆಟ್ರೋಲ್ ಕಾರಿಗೆ ಎಪಿಐ ಎಸ್‌ಪಿ (ಆಯಿಲಿನ ಗುಣಮಟ್ಟದ ಗುರುತು) ಎಂದು ಬರೆದ ಕ್ಯಾನ್ ಸಿಕ್ಕರೆ ಹಳೆಯ ಎಸ್‌ಎನ್ ಕೇಳುವ ಕಾರಿಗೂ ಆಗುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್‌ನವರು ಹುಷಾರು. ಬೂದಿ ಕಮ್ಮಿ ಇರುವ ಆಯಿಲೇ ಬೇಕು, ಇಲ್ಲದಿದ್ದರೆ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ, ಅದರ ಬೆಲೆ ಕೇಳಿದರೆ ನಿದ್ದೆ ಬರುವುದಿಲ್ಲ. ಅಂಥ ಕಾರಿನವರು ಗ್ರೇಡ್ ಸರಿಯಾಗಿ ಓದಿಕೊಳ್ಳುವ ಪುರುಸೊತ್ತು ಇಲ್ಲವೆಂದರೆ ಶೋರೂಮಿಗೇ ಹೋಗಲಿ. ಬೈಕಿಗೆ ತಂದ ಆಯಿಲ್ ಮಿಕ್ಕಿದೆ ಅಂತ ಕಾರಿಗೆ ಹಾಕುವುದಂತೂ ಬೇಡ.

ಹಳೆ ಆಯಿಲ್

ಮನೆಯಲ್ಲಿ ಮಾಡುವವರು ಮೊದಲು ತೀರ್ಮಾನಿಸಬೇಕಾದ್ದು ಇದನ್ನು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಸೇರಿದೆ. ಚರಂಡಿಗೆ, ಖಾಲಿ ಸೈಟಿಗೆ, ತೆಂಗಿನ ಬುಡಕ್ಕೆ ಸುರಿಯುವ ಹಾಗಿಲ್ಲ. ಗೆದ್ದಲಿಗೆ ಒಳ್ಳೇದು ಅಂತ ಬೇಲಿ ಕಂಬಕ್ಕೆ ಹಚ್ಚುವ ಹಳೆ ರೂಢಿಯೂ ಕೊನೆಗೆ ಬಾವಿ ನೀರಿಗೇ ಬರುತ್ತದೆ. ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ, ಮೇಲೆ "ಹಳೆ ಆಯಿಲ್" ಎಂದು ಬರೆದು, ಡ್ರಮ್ ಇಟ್ಟುಕೊಂಡಿರುವ ದೊಡ್ಡ ಗ್ಯಾರೇಜಿಗೆ ಕೊಡಿ. ಕೆಲಸ ಶುರು ಮಾಡುವ ಮುಂಚೆಯೇ ಹೋಗಿ ಕೇಳಿ ಬನ್ನಿ. ಊರಿನಲ್ಲಿ ಯಾರೂ ತೆಗೆದುಕೊಳ್ಳದಿದ್ದರೆ ಮನೆಯಲ್ಲಿ ಮಾಡುವ ಯೋಚನೆ ಬಿಡಿ, ಗ್ಯಾರೇಜಿಗೇ ಹೋಗಿ. ಹಳೆಯದನ್ನು ತುಂಬದೆ ಖಾಲಿ ಉಳಿದ ಕ್ಯಾನ್ ಇದ್ದರೆ ಗುಜರಿಗೆ ಹಾಕುವ ಮೊದಲು ತೂತು ಹೊಡೆಯಿರಿ, ನಕಲಿ ತುಂಬುವವರಿಗೆ ಬೇಕಿರುವುದು ಅದೇ.

ಯಾರಿಗೆ ಯಾವುದು

ಮೂರು ವರ್ಷದೊಳಗಿನ ಕಾರು, ಶೋರೂಮ್. ಆರೇಳು ವರ್ಷದ ಹ್ಯಾಚ್‌ಬ್ಯಾಕ್, ಬಾಡಿಗೆ ಮನೆ, ರಸ್ತೆ ಬದಿ ಪಾರ್ಕಿಂಗ್ ಇದ್ದರೆ ನಿಮ್ಮ ಆಯಿಲ್, ಪರಿಚಯದ ಗ್ಯಾರೇಜ್. ಊರಿನಲ್ಲಿ ಅಪ್ಪ ಅಮ್ಮ ಓಡಿಸುವ, ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರೂ ಓಡದ ಕಾರಿಗೆ ವರ್ಷಕ್ಕೊಮ್ಮೆ ಹತ್ತಿರದ ನಂಬಿಕಸ್ಥ ಗ್ಯಾರೇಜ್. ಓಡಿಲ್ಲ ಅಂತ ಎರಡು ವರ್ಷ ಎಳೆಯಬೇಡಿ, ನಿಂತಲ್ಲೇ ನಿಂತರೂ ಆಯಿಲ್ ಹಳತಾಗುತ್ತದೆ. ಮನೆಯಲ್ಲಿ ಎರಡು ಕಾರು, ಪೋರ್ಟಿಕೊ, ಟೂಲ್ಸ್ ಮೇಲೆ ಪ್ರೀತಿ ಇರುವವರು ನೀವೇ ಮಾಡಿ. ಆದರೆ ಎರಡು ವರ್ಷಕ್ಕೊಮ್ಮೆಯಾದರೂ ಲಿಫ್ಟ್ ಇರುವ ಕಡೆ ಕಾರು ಏರಿಸಿ ಬ್ರೇಕು, ಸಸ್ಪೆನ್ಷನ್ ತೋರಿಸಿ. ಗೊಂದಲವೇ ಇದ್ದರೆ ಈ ಸಲ ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ನೋಡಿ, ಬೋಲ್ಟ್ ಎಲ್ಲಿದೆ, ಫಿಲ್ಟರ್ ಯಾವ ಕಡೆ ಇದೆ ಎಂದು ಫೋಟೊ ತೆಗೆದುಕೊಳ್ಳಿ. ಮುಂದಿನ ವರ್ಷ ತೀರ್ಮಾನಿಸಿದರಾಯಿತು.

ಯಾರ ಕೈಲಿ ಮಾಡಿಸಿದರೂ ಮರುದಿನ ಬೆಳಗ್ಗೆ ಕಾರು ತೆಗೆಯುವ ಮುನ್ನ ಅಡಿಯಲ್ಲಿ ಹನಿ ಬಿದ್ದಿದೆಯಾ ನೋಡಿ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ, ಮಟ್ಟದ ಜಾಗದಲ್ಲಿ ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಇನ್ನೊಮ್ಮೆ ಎಳೆದು ನೋಡಿ. ಆಯಿಲ್, ಫಿಲ್ಟರ್ ಬಿಲ್ಲಿನ ಜೊತೆ ಆ ದಿನದ ಮೀಟರ್ ಫೋಟೊ ಒಂದು ಫೋನಿನಲ್ಲಿ ಇರಲಿ.